ಬೇರೆಯಾಗುವುದರ ಲೆಕ್ಕ

ಬಿಸಿ ಹಾಲಿಗೆ ಡಿಕಾಕ್ಷನ್ ಹಾಕಿದರೆ ಕಲಕದೇ ಇದ್ದರೂ ನಿಧಾನಕ್ಕೆ ಬೆರೆಯುತ್ತದೆ. ದಟ್ಟವಾಗಿರುವ ಕಡೆಯಿಂದ ತೆಳುವಾಗಿರುವ ಕಡೆಗೆ ಹರಿಯುವುದು ನಾವು ಕಂಡ ರೂಢಿ. ಕೆಲವು ಮಿಶ್ರಲೋಹಗಳನ್ನು ಕಾಯಿಸಿ ತಣಿಸಿದಾಗ ಇದು ತಿರುವುಮುರುವಾಗುತ್ತದೆ: ಒಂದು ಜಾತಿಯ ಪರಮಾಣುಗಳು ತಮ್ಮವರು ಕಡಿಮೆ ಇರುವಲ್ಲಿಂದ ಹೊರಟು, ಈಗಾಗಲೇ ಹೆಚ್ಚಿರುವಲ್ಲಿಗೇ ಹೋಗಿ ಸೇರುತ್ತವೆ. ಇದನ್ನು ವಿವರಿಸುವ ಕಾನ್–ಹಿಲಿಯಾರ್ಡ್ ಸಮೀಕರಣವನ್ನು ಎಂಟೆಕ್ ದಿನಗಳಲ್ಲಿ ಓದಿದ್ದೆ. ಅದರ ಹಿಂದಿನ ಲೆಕ್ಕ ಸರಳ. ಬೆರೆತಿರುವುದಕ್ಕೆ ಒಂದು ಖರ್ಚು, ಗಡಿ ಎಳೆಯುವುದಕ್ಕೆ ಇನ್ನೊಂದು ಖರ್ಚು. ಒಟ್ಟು ಖರ್ಚು ತಗ್ಗುವ ದಿಕ್ಕಿಗೆ ಎಲ್ಲವೂ ಸಾಗುತ್ತದೆ. ಯಾರೂ ತೀರ್ಮಾನಿಸುವುದಿಲ್ಲ.

ಈ 'ಯಾರೂ ತೀರ್ಮಾನಿಸುವುದಿಲ್ಲ' ಎಂಬ ಮಾತೇ ನನ್ನನ್ನು ಕಾಡುವುದು. ನೋಯ್ಡಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸದವರಿಗೆ ಬೇರೆ ಲಿಫ್ಟು. ಏಕೆಂದು ಕೇಳಿದರೆ ಪಕ್ಕದ ಮನೆಯವರ ಉತ್ತರ, "ನ್ಯಾಚುರಲ್ ಹೈ, ಭಾಯಿ ಸಾಬ್." ಅವರ ವಾದವನ್ನು ಸುಲಭಕ್ಕೆ ತಳ್ಳಿಹಾಕಲಾಗದು. ನೆರೆಯವರಲ್ಲಿ ಮೂರರಲ್ಲಿ ಒಂದು ಪಾಲು ತನ್ನಂಥವರಿರಲಿ ಎಂದಷ್ಟೇ ಪ್ರತಿಯೊಬ್ಬನೂ ಬಯಸಿದರೂ ಊರು ಕೊನೆಗೆ ಹೋಳಾಗಬಲ್ಲದು ಎಂದು ಥಾಮಸ್ ಶೆಲ್ಲಿಂಗ್ 1971ರಲ್ಲೇ ತೋರಿಸಿದ. ನಾನಾದರೂ ರಜೆಯ ದಿನ ಮೆಟ್ರೋ ಹತ್ತಿ ಆರ್.ಕೆ. ಪುರಂನ ಕರ್ನಾಟಕ ಸಂಘಕ್ಕೆ ಹೋಗುವುದು ಏಕೆ? ಕಿವಿಗೆ ಕನ್ನಡ ಬಿದ್ದರೆ ಹಿತ, ಅದಕ್ಕೆ.

ಆದರೆ ಘನವಸ್ತು ಕಾಫಿಯಲ್ಲ. ಅಲ್ಲಿ ಪರಮಾಣುಗಳು ಒಂದರ ಕೈ ಒಂದು ಹಿಡಿದು ಸಾಲಾಗಿ ನಿಂತಿರುತ್ತವೆ. ತಾಮ್ರದ ಪರಮಾಣು ಅಲ್ಯುಮಿನಿಯಂನದಕ್ಕಿಂತ ಚಿಕ್ಕದು; ತಾಮ್ರವೆಲ್ಲ ಒಂದೆಡೆ ಸೇರಿದರೆ ಸುತ್ತಲಿನ ಸಾಲುಗಳು ಜಗ್ಗುತ್ತವೆ. 1961ರಲ್ಲಿ ಜಾನ್ ಕಾನ್ ಈ ಜಗ್ಗಾಟದ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿದ. ಆಗ ಉತ್ತರವೇ ಬದಲಾಯಿತು: ಬೇರೆಯಾಗಲೇಬೇಕಿದ್ದ ಮಿಶ್ರಣ, ಹಿಡಿದ ಕೈಗಳ ದೆಸೆಯಿಂದ, ಕೆಲವೊಮ್ಮೆ ಬೆರೆತೇ ಉಳಿಯುತ್ತದೆ. ಬೇರೆಯಾದರೂ ಹರಳಿನ ಕೆಲವೇ ದಿಕ್ಕುಗಳಲ್ಲಿ ತೆಳ್ಳಗಿನ ಹಾಳೆಗಳಾಗಿ. ಅಲ್ಯುಮಿನಿಯಂ–ತಾಮ್ರದಲ್ಲಿ ಅಂಥ ಹಾಳೆಗಳನ್ನು 1938ರಲ್ಲಿ ಗಿನಿಯೇ ಮತ್ತು ಪ್ರೆಸ್ಟನ್ ಬೇರೆಬೇರೆಯಾಗಿ ಎಕ್ಸ್-ರೇಯಿಂದ ಕಂಡರು. ವಿಮಾನದ ಲೋಹಕ್ಕೆ ಗಟ್ಟಿತನ ಬರುವುದು ಇಂಥ ಸಣ್ಣ ಗುಂಪುಗಳಿಂದ. ಹೆಚ್ಚು ಹೊತ್ತು ಕಾಯಿಸಿದರೆ ಗುಂಪುಗಳು ದಪ್ಪವಾಗಿ, ಸುತ್ತಲಿನ ಸಾಲುಗಳ ಕೈಬಿಟ್ಟು, ಲೋಹ ಮೆತ್ತಗಾಗುತ್ತದೆ.

ಇಲ್ಲಿಂದ 'ಆದ್ದರಿಂದ ಮನುಷ್ಯರೂ ಹಾಗೇ ಇರಬೇಕು' ಎಂದು ಹಾರುವುದು ನನಗೆ ಒಪ್ಪಿಗೆಯಿಲ್ಲ. (ಆಫೀಸಿನ ಟೀಮ್ ಬಿಲ್ಡಿಂಗ್ ಭಾಷಣಗಳಲ್ಲಿ ಇಂಥ ಹಾರಾಟ ಸಾಕಷ್ಟು ಕೇಳಿದ್ದೇನೆ.) ಪರಮಾಣುಗಳಿಗೆ ಜನರಲ್ ಬಾಡಿ ಮೀಟಿಂಗ್ ಇಲ್ಲ. ನಮಗಿದೆ, ಲಿಫ್ಟಿನ ಬೋರ್ಡು ತಾನಾಗಿ ಹರಳುಗಟ್ಟಿದ್ದಲ್ಲ, ಕೈ ಎತ್ತಿ ಹಾಕಿಸಿದ್ದು. ಆದರೂ ಆ ಸಮೀಕರಣದಿಂದ ಒಂದು ಪ್ರಶ್ನೆಯನ್ನು ಎರವಲು ಪಡೆಯಬಹುದು: ಜಗ್ಗಾಟ ಯಾರ ಲೆಕ್ಕದಲ್ಲಿ ಬರೆಯಲ್ಪಟ್ಟಿದೆ? ನೆರೆಯವರ 'ನ್ಯಾಚುರಲ್' ಲೆಕ್ಕದಲ್ಲಿ ಒಳಗಿರುವವರ ಹಿತವಷ್ಟೇ ಇದೆ. ಹದಿನಾಲ್ಕನೇ ಮಹಡಿಗೆ ಬರುವ ಹೆಂಗಸು ಕೆಟ್ಟುನಿಂತ ಸರ್ವಿಸ್ ಲಿಫ್ಟಿನ ಮುಂದೆ ಕಾಯುವ ಅರ್ಧ ಗಂಟೆ, ತಡವಾಯಿತೆಂದು ಮುಂದಿನ ಮನೆಯಲ್ಲಿ ಕೇಳುವ ಬೈಗುಳ, ಅದರೊಳಗೆ ಇಲ್ಲ.

ಸಮೀಕರಣ ಇನ್ನೊಂದು ಕಡೆ ಕೈಕೊಡುತ್ತದೆ. ತಮ್ಮವರೊಡನೆ ಕೂಡುವುದು, ಬೇರೆಯವರನ್ನು ಹೊರಗಿಡುವುದು: ಅದರಲ್ಲಿ ಎರಡೂ ಒಂದೇ ಪದ, ಒಂದೇ ಚಿಹ್ನೆ. ಸಂಘದ ಬಾಗಿಲಿಗೂ ಲಿಫ್ಟಿನ ಬಾಗಿಲಿಗೂ ಇರುವ ವ್ಯತ್ಯಾಸವನ್ನು ಅದು ಬರೆಯಲಾರದು. ಸಂಘಕ್ಕೆ ಕನ್ನಡ ಬಾರದ ಗೆಳೆಯನನ್ನೂ ಕರೆದುಕೊಂಡು ಹೋಗಿದ್ದೇನೆ. ಊಟಕ್ಕೆ ಎಲೆ ಹಾಕಿದರು.

ಬೋರ್ಡು ತೆಗೆಯಬೇಕೆಂದು ಕಳೆದ ಸಭೆಯಲ್ಲಿ ಕೇಳಿದೆ. ಮೂರು ಕೈ ಎದ್ದವು, ನನ್ನದೂ ಸೇರಿ. ಮುಂದಿನ ಸಭೆಗೆ ಕಾಯುವ ಸಮಯದ ಲೆಕ್ಕವನ್ನೂ ಬರೆದು ಒಯ್ಯುತ್ತೇನೆ.