ಉಪಶಮನವೂ ಸತ್ಯವೂ

ಉಂಡ ಅನ್ನವು ಜೀರ್ಣವಾಗುವುದನ್ನು ನಮ್ಮ ಪೂರ್ವಿಕರು ಕೇವಲ ದೇಹವ್ಯಾಪಾರವೆಂದು ಎಣಿಸಿದವರಲ್ಲ. ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಭಗವಂತನು, ತಾನೇ ವೈಶ್ವಾನರನಾಗಿ ಪ್ರಾಣಿಗಳ ದೇಹದಲ್ಲಿ ನೆಲಸಿ, ಪ್ರಾಣಾಪಾನಗಳೊಡಗೂಡಿ, ನಾಲ್ಕು ಬಗೆಯ ಅನ್ನವನ್ನು ಪಚನಗೊಳಿಸುವೆನೆಂದು ಹೇಳಿಕೊಂಡಿದ್ದಾನೆ. ಆಯುರ್ವೇದವು ಅಗ್ನಿಮಾಂದ್ಯವನ್ನು ಬಹುರೋಗಗಳ ಮೂಲವೆಂದು ಗಣಿಸಿತು. ಕಲ್ಯಾಣದ ಶರಣರಾದರೋ ಅನ್ನವನ್ನು ಪ್ರಸಾದವೆಂದು ಸ್ವೀಕರಿಸಿ, ಉಣ್ಣುವ ಕಾಯವೇ ಪ್ರಸಾದಕಾಯವಾಗಬೇಕೆಂದು ಬಯಸಿದರು. ಇಂತಹ ನಾಡಿನಲ್ಲಿ ಹೊಟ್ಟೆಯ ಬೇನೆಯು ಶ್ರದ್ಧೆಯ ಪ್ರಶ್ನೆಯೂ ಆಗುವುದು ಸಹಜವೇ ಸರಿ.

ಬೀದರದ ಮೈಲೂರದಲ್ಲಿ ವಾಸಿಸುವ ಗೃಹಸ್ಥನೊಬ್ಬನನ್ನು ಊಹಿಸಿಕೊಳ್ಳೋಣ. ಹೊಟ್ಟೆಯುಬ್ಬರ, ನುಲಿತ, ಒಮ್ಮೆ ಮಲಬದ್ಧತೆ, ಇನ್ನೊಮ್ಮೆ ಭೇದಿ. ಪರೀಕ್ಷೆಗಳಲ್ಲಿಯಾದರೋ ದೋಷವೇನೂ ಕಾಣದು. ಅವನು ಆಸ್ಪತ್ರೆಯ ಗುಳಿಗೆಯನ್ನು ನುಂಗುವನು, ವೈದ್ಯರ ಚೂರ್ಣವನ್ನೂ ಹಕೀಮರ ಮದ್ದನ್ನೂ ಸೇವಿಸುವನು, ನಾನಕ್ ಝೀರಾದ ಬುಗ್ಗೆಯ ನೀರನ್ನು ತೀರ್ಥವೆಂದು ಕುಡಿಯುವನು. ಹಿಂದೂಗಳು ಅಲ್ಲಮಪ್ರಭುವೆಂದೂ ಮುಸಲ್ಮಾನರು ವಲಿಯೆಂದೂ ನಡೆದುಕೊಳ್ಳುವ ಅಷ್ಟೂರಿನ ಅಹ್ಮದ್ ಷಾನ ಗೋರಿಗೂ ಹರಕೆ ಹೊರುವನು. ನೆಮ್ಮದಿಯು ಯಾವ ದಿಕ್ಕಿನಿಂದ ಬಂತೆಂದು ಕೇಳುವ ವಾಡಿಕೆ ಈ ಊರಿಗೆ ಎಂದೂ ಇದ್ದಂತಿಲ್ಲ. ಇಂತಹವನಿಗೆ ಯಾರಾದರೂ ಅಕ್ಯುಪಂಕ್ಚರ್ ಎಂಬ ಸೂಜಿಚಿಕಿತ್ಸೆಯನ್ನು ಸೂಚಿಸಿದರೆ ಅವನು ಹಿಂಜರಿಯುವನೆ?

ಈ ವಿದ್ಯೆಯ ತವರಾದ ಚೀನದೊಡನೆ ದಖ್ಖಣಕ್ಕೆ ವೈದ್ಯರ ಮೂಲಕವೇ ಒದಗಿದ ನಂಟೊಂದುಂಟು. ಕನ್ನಡಿಗರೂ ನೆಲೆಸಿರುವ ನೆರೆಯ ಸೊಲ್ಲಾಪುರದಲ್ಲಿ 1910ರಲ್ಲಿ ಜನಿಸಿದ ಡಾ. ದ್ವಾರಕಾನಾಥ ಕೋಟ್ನಿಸರು, 1938ರಲ್ಲಿ ಕಾಂಗ್ರೆಸ್ಸು ಕಳುಹಿಸಿದ ಐವರು ವೈದ್ಯರಲ್ಲಿ ಒಬ್ಬರಾಗಿ ಹೋಗಿ, ಗಾಯಾಳುಗಳ ಸೇವೆಯಲ್ಲಿಯೇ 1942ರಲ್ಲಿ ಅಲ್ಲಿ ದೇಹವಿಟ್ಟರು; ಅದೇ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು ಅವರು ಐವತ್ತರ ದಶಕದ ಕೊನೆಯಲ್ಲಿ ಮತ್ತೆ ಚೀನಕ್ಕೆ ತೆರಳಿ, ಸೂಜಿವಿದ್ಯೆಯನ್ನು ಕಲಿತು ಕಲ್ಕತ್ತೆಗೆ ತಂದರು. ಶರೀರದಲ್ಲಿ 'ಚೀ' ಎಂಬ ಪ್ರಾಣಶಕ್ತಿಯು ಕೆಲವು ಮಾರ್ಗಗಳಲ್ಲಿ ಪ್ರವಹಿಸುತ್ತದೆಂದೂ, ಅದರ ತಡೆಯೇ ರೋಗವೆಂದೂ ಆ ಶಾಸ್ತ್ರದ ಮತ. ಜಠರದ ತೊಂದರೆಗೆ ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಕಾಲಿನ ಎಲುಬಿನ ಹೊರಮಗ್ಗುಲಲ್ಲಿರುವ ಬಿಂದುವನ್ನೂ, ಓಕರಿಕೆಗೆ ಮಣಿಕಟ್ಟಿನಿಂದ ಮೂರು ಬೆರಳು ಮೇಲೆ, ಮುಂಗೈಯ ಒಳಮಗ್ಗುಲಲ್ಲಿರುವ ಬಿಂದುವನ್ನೂ ಅದು ಮುಖ್ಯವೆಂದು ಹೇಳುತ್ತದೆ.

ಪರೀಕ್ಷೆಯ ಒರೆಗಲ್ಲಿನಲ್ಲಿ ಈ ಮತದ ಗತಿಯೇನು? ಶಸ್ತ್ರಚಿಕಿತ್ಸೆಯ ಅನಂತರ ಬರುವ ಓಕರಿಕೆಯನ್ನು ಮುಂಗೈಯ ಬಿಂದುವಿನ ಪ್ರಚೋದನೆಯು ತಗ್ಗಿಸುವುದೆಂಬುದಕ್ಕೆ ತಕ್ಕಷ್ಟು ಆಧಾರವಿದೆ. ನಮ್ಮ ಗೃಹಸ್ಥನ ಕರುಳಿನ ತೊಂದರೆಯ ಮಾತು ಬೇರೆ: 17 ಪ್ರಯೋಗಗಳನ್ನೂ 1806 ಜನರನ್ನೂ ಒಳಗೊಂಡು 2012ರಲ್ಲಿ ಹೊರಬಂದ ಕಾಕ್ರೇನ್ ಸಮೀಕ್ಷೆಯು, ನಿಜವಾದ ಸೂಜಿಯನ್ನೂ ಹುಸಿಸೂಜಿಯನ್ನೂ ಹೋಲಿಸಿದ ಪ್ರಯೋಗಗಳಲ್ಲಿ ಇವೆರಡರ ಫಲದಲ್ಲಿ ಗಣನೀಯವಾದ ಅಂತರವನ್ನು ಕಾಣಲಿಲ್ಲ. ಇದಕ್ಕೂ ಮೊದಲು, 2008ರಲ್ಲಿ, ಅಮೆರಿಕದ ಕ್ಯಾಪ್ಚಕ್ ಮತ್ತು ಸಂಗಡಿಗರು ಇದೇ ಬಗೆಯ 262 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಏನನ್ನೂ ಕೊಡದೆ, ಇನ್ನೊಂದಕ್ಕೆ ಮಾತಿಲ್ಲದೆ ಹುಸಿಸೂಜಿಯನ್ನು ತಾಗಿಸಿ, ಮೂರನೆಯದಕ್ಕೆ ಅದೇ ಹುಸಿಸೂಜಿಯೊಡನೆ ಆದರದ ಮಾತನ್ನೂ ಸಾವಧಾನದ ಆಲಿಕೆಯನ್ನೂ ಇತ್ತು ನೋಡಿದರು. ಮೂರು ವಾರಗಳಲ್ಲಿ ಸಾಕಷ್ಟು ಗುಣ ಕಂಡಿತೆಂದವರು ಕ್ರಮವಾಗಿ ನೂರಕ್ಕೆ 28, 44 ಮತ್ತು 62 ಮಂದಿ.

ಇಲ್ಲಿಯೇ ತತ್ತ್ವವಿಚಾರವು ಮೊದಲಾಗುವುದು. ಸೂಜಿಯು ಹುಸಿಯಾದರೆ ಉಪಶಮನವೂ ಹುಸಿಯೇ? ವೇದಾಂತಿಗಳ ರಜ್ಜುಸರ್ಪವನ್ನು ನೆನೆದರೆ ಉತ್ತರವು ತೋರುವುದು. ಹಗ್ಗದಲ್ಲಿ ಕಂಡ ಹಾವು ಮಿಥ್ಯೆ. ಅದನ್ನು ಕಂಡವನ ಮೈಬೆವರು ಮಿಥ್ಯೆಯಲ್ಲ. ಬೆವರು ಬಂದುದರಿಂದ ಹಾವು ಇತ್ತೆಂದು ವಾದಿಸುವುದು ಎಷ್ಟು ತಪ್ಪೋ, ಹಾವು ಇಲ್ಲದ್ದರಿಂದ ಬೆವರೂ ಬರಲಿಲ್ಲವೆಂದು ವಾದಿಸುವುದೂ ಅಷ್ಟೇ ತಪ್ಪು. ರೋಗಿಗೆ ಗುಣವಾದ ಮಾತ್ರಕ್ಕೆ 'ಚೀ' ಪ್ರವಹಿಸುವ ಮಾರ್ಗಗಳು ಸಿದ್ಧವಾಗವು. ಆ ಮಾರ್ಗಗಳು ಸಿದ್ಧವಾಗದ ಮಾತ್ರಕ್ಕೆ ಅವನ ನೋವು ಅಡಗಿದ್ದನ್ನು ಅಲ್ಲಗಳೆಯಲೂ ಆಗದು. ಶ್ರದ್ಧಾವಂತನು ಮೊದಲನೆಯ ತಪ್ಪನ್ನೂ ವಿಚಾರವಾದಿಯು ಎರಡನೆಯದನ್ನೂ ಮಾಡುವುದು ಲೋಕದ ರೂಢಿ.

ಹಾಗಾದರೆ ರೋಗಿಯ ಹಿತಕ್ಕಾಗಿ ವೈದ್ಯನು ಅಸತ್ಯವನ್ನು ನುಡಿಯಬಹುದೆ? ಪ್ರಿಯವಾದ ಅಸತ್ಯವನ್ನು ಸ್ಮೃತಿಕಾರರು ಒಪ್ಪಲಿಲ್ಲ. ಆದರೆ ಮರುಕವುಳ್ಳ ಚಿಕಿತ್ಸಕನಿಗೆ ಈ ನಿಯಮವು ಕಠೋರವಾಗಿ ತೋರಿದರೆ ಆಶ್ಚರ್ಯವಿಲ್ಲ. ಅದೃಷ್ಟವಶಾತ್ ಈ ಸಂಕಟವು ನಾವು ಭಾವಿಸಿದಷ್ಟು ದುಸ್ತರವಲ್ಲ. ಅದೇ ಕ್ಯಾಪ್ಚಕ್ಕರು 2010ರಲ್ಲಿ 80 ರೋಗಿಗಳ ಪೈಕಿ ಒಂದು ಗುಂಪಿಗೆ, ಇದರಲ್ಲಿ ಔಷಧವಿಲ್ಲವೆಂದು ಸ್ಪಷ್ಟವಾಗಿ ತಿಳಿಸಿಯೇ ಗುಳಿಗೆಗಳನ್ನು ಕೊಟ್ಟರು. ಆ ಗುಂಪಿನಲ್ಲಿ ನೂರಕ್ಕೆ 59 ಮಂದಿಗೂ, ಗುಳಿಗೆಯಿಲ್ಲದೆ ಅದೇ ಆರೈಕೆಯನ್ನು ಪಡೆದವರಲ್ಲಿ 35 ಮಂದಿಗೂ ಸಾಕಷ್ಟು ಉಪಶಮನ ದೊರೆಯಿತು. ಪ್ರಯೋಗವು ಚಿಕ್ಕದು, ಅವಧಿಯು ಮೂರೇ ವಾರ. ಆದರೂ ಸತ್ಯವನ್ನು ಹೇಳಿದೊಡನೆ ಸಾಂತ್ವನವು ಅಳಿಯುವುದೆಂಬ ನಮ್ಮ ಭಯವನ್ನು ಅಲುಗಿಸಲು ಅದು ಸಾಕು. ದಯೆಗೆ ಸುಳ್ಳಿನ ಊರುಗೋಲು ಬೇಕಾಗಿಲ್ಲ. ಧರ್ಮದಲ್ಲಿ ದಯೆಗೆ ಅಗ್ರಸ್ಥಾನವನ್ನಿತ್ತ ಬಸವಣ್ಣನವರೇ ನುಡಿಯ ಸತ್ಯಕ್ಕೂ ಅಷ್ಟೇ ನಿಷ್ಠರಾಗಿದ್ದುದು ಆಕಸ್ಮಿಕವಲ್ಲ.

ಆದಕಾರಣ ಸೂಜಿಚಿಕಿತ್ಸಕನು ತಾನರಿತಷ್ಟನ್ನೇ ಹೇಳಲಿ; ಹೊಸ ಸೂಜಿಯನ್ನೇ ಬಳಸಲಿ; ವಾಸಿಯಾಗುವುದೆಂಬ ವಾಗ್ದಾನವನ್ನು ಕೊಡದಿರಲಿ. ಆಸ್ಪತ್ರೆಯ ವೈದ್ಯನು ಆ ಚಿಕಿತ್ಸಕನನ್ನು ಹಳಿಯುವ ಮುನ್ನ, ತನ್ನ ರೋಗಿಯ ಮಾತಿಗೆ ತಾನೆಷ್ಟು ಹೊತ್ತು ಕಿವಿಗೊಟ್ಟೆನೆಂದು ವಿಚಾರಿಸಿಕೊಳ್ಳಲಿ. ಇನ್ನು ಓದುಗರಲ್ಲಿ ಒಂದು ವಿನಂತಿ: ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ನುಂಗಲು ಕಷ್ಟ, ನಿಲ್ಲದ ವಾಂತಿ, ಇವುಗಳಲ್ಲಿ ಯಾವುದು ಕಂಡರೂ ಸೂಜಿಯನ್ನಾಗಲಿ ಹರಕೆಯನ್ನಾಗಲಿ ನೆಚ್ಚಿ ದಿನಗಳೆಯದೆ, ಮೊದಲು ಆಸ್ಪತ್ರೆಗೆ ಹೋಗಿರಿ.