ನೆಗೆಟಿವ್ ಯಾರದ್ದು?

ನಮ್ಮ ತಂದೆ ಊರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದರು. ಮದುವೆಯ ವಯಸ್ಸಿಗೆ ಬಂದ ಹುಡುಗಿಯರ ಫೋಟೋ ತೆಗೆಯುವುದೇ ಅಲ್ಲಿನ ಮುಖ್ಯ ವ್ಯಾಪಾರ. ಗಂಡಿನ ಕಡೆಗೆ ಕಳಿಸಿದ ಫೋಟೋ, ಸಂಬಂಧ ಕೂಡದಿದ್ದರೆ ಹಿಂದಕ್ಕೆ ಬರಬೇಕು ಎಂಬುದು ವಾಡಿಕೆ. ಒಮ್ಮೆ ಹಾಗೆ ಹಿಂದಿರುಗದ ಒಂದು ಫೋಟೋ ಯಾವನದೋ ಜೇಬಿನಲ್ಲಿ ಊರೆಲ್ಲ ಸುತ್ತಿತು. ಹುಡುಗಿ ಸೀರೆ ಉಟ್ಟು, ಮಲ್ಲಿಗೆ ಮುಡಿದು ಕುಳಿತ ಚಿತ್ರ. ಅದರಲ್ಲಿ ತಪ್ಪೆನ್ನುವಂಥದ್ದೇನೂ ಇರಲಿಲ್ಲ. ಆದರೂ ಅವಳ ತಾಯಿ ಅಂಗಡಿಯ ಬೆಂಚಿನ ಮೇಲೆ ಕುಳಿತು ಅತ್ತರು. ತಂದೆ ಏನೂ ಕೇಳಲಿಲ್ಲ. ಡಬ್ಬಿಯಿಂದ ನೆಗೆಟಿವ್ ಹುಡುಕಿ ಅವರ ಕೈಗೆ ಕೊಟ್ಟರು.

ಮೊನ್ನೆ ಇದನ್ನು ನೆನಪಿಸಿದವಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನನ್ನ ಅಣ್ಣನ ಮಗಳು. ಹೆಂಗಸರ ಖಾಸಗಿ ಚಿತ್ರಗಳನ್ನು ಒಪ್ಪಿಗೆಯಿಲ್ಲದೆ ಅಂತರ್ಜಾಲದಲ್ಲಿ ಹರಿಬಿಡುವುದನ್ನು ತಡೆಯಲು ಯಂತ್ರಕ್ಕೆ ಪಾಠ ಹೇಳುವುದು ಈಗ ಅವಳ ಕೆಲಸ.

“ಯಂತ್ರ ಬೆತ್ತಲೆಯನ್ನು ಗುರುತಿಸುತ್ತೆ ಚಿಕ್ಕಪ್ಪ, ಒಪ್ಪಿಗೆಯನ್ನು ಗುರುತಿಸೋಲ್ಲ” ಎಂದಳು.

ನಿಜವೇ. ಪ್ರೀತಿಯಿಂದ ತೆಗೆದ ಚಿತ್ರವನ್ನು ದ್ವೇಷದಿಂದ ಹಂಚಿದಾಗ ಚಿತ್ರದಲ್ಲಿ ಒಂದು ಚುಕ್ಕೆಯೂ ಬದಲಾಗುವುದಿಲ್ಲ. ಅನ್ಯಾಯ ನಡೆದಿರುವುದು ಚಿತ್ರದ ಹೊರಗೆ.

“ಹಾಗಾದರೆ ಅಂಥ ಚಿತ್ರಗಳನ್ನೇ ಹೆಚ್ಚು ತೋರಿಸಿ ಕಲಿಸಬಾರದೇ?” ಎಂದೆ.

“ಯಾರ ಚಿತ್ರ ತೋರಿಸಲಿ, ಚಿಕ್ಕಪ್ಪ? ಅವರನ್ನು ಕೇಳಿದವರು ಯಾರು?”

ನನಗೆ ನಾಚಿಕೆಯಾಯಿತು. ನೊಂದವಳ ಚಿತ್ರವನ್ನೇ ಪಠ್ಯಪುಸ್ತಕ ಮಾಡಿದರೆ ಅವಳನ್ನು ಎರಡನೆಯ ಸಲ ಬೀದಿಗಿಟ್ಟಂತೆ.

ಬೇರೆ ದಾರಿಯೂ ಇದೆಯೆಂದು ಅವಳೇ ಹೇಳಿದಳು. 2021ರಲ್ಲಿ ಬ್ರಿಟನ್ನಿನ ಸಹಾಯವಾಣಿಯೊಂದು ‘ಸ್ಟಾಪ್ ಎನ್‌ಸಿಐಐ’ ಎಂಬ ಏರ್ಪಾಡು ಆರಂಭಿಸಿತು. ಅದರಲ್ಲಿ ಚಿತ್ರ ಅವಳ ಫೋನು ಬಿಟ್ಟು ಹೋಗುವುದಿಲ್ಲ. ಅಲ್ಲೇ ಅದಕ್ಕೊಂದು ಬೆರಳಚ್ಚಿನಂಥ ಅಂಕಿಗುರುತು ತಯಾರಾಗಿ, ಅದಷ್ಟೇ ಕಂಪನಿಗಳಿಗೆ ಹೋಗುತ್ತದೆ. ಅದೇ ಚಿತ್ರವನ್ನು ಯಾರಾದರೂ ಹಾಕಿದರೆ ಗುರುತು ತಾಳೆಯಾಗಿ ಸಿಕ್ಕಿಬೀಳುತ್ತದೆ. ಆದರೆ ಇದಕ್ಕೆ ಸೇರಿದ ಕಂಪನಿಗಳಲ್ಲಿ ಮಾತ್ರ ಇದು ನಡೆಯುತ್ತದೆ. ಕದ್ದ ಕ್ಯಾಮೆರಾದಲ್ಲಿ ಸಿಕ್ಕಿಬಿದ್ದವಳ ಬಳಿ ಗುರುತು ಮಾಡಲು ಆ ಚಿತ್ರವೇ ಇರುವುದಿಲ್ಲ. ಅವಳಿಗೆ ಉಳಿಯುವುದು ಬಾಯಿಮಾತು.

2021ರ ನಮ್ಮ ದೇಶದ ನಿಯಮ ಆ ಮಾತಿಗೇ ಬೆಲೆ ಕೊಟ್ಟಿತು. ಅವಳೋ ಅವಳ ಪರವಾಗಿ ಇನ್ನೊಬ್ಬರೋ ದೂರಿದರೆ 24 ಗಂಟೆಯೊಳಗೆ ಅಂಥ ಚಿತ್ರ ತೆಗೆಯಬೇಕೆಂದು ಆಗ ವಿಧಿಸಿತ್ತು. ಮುಖ ಅಂಟಿಸಿದ ಸುಳ್ಳು ಚಿತ್ರವಾದರೂ ಸರಿ ಎಂದಿತು.

“ಸುಳ್ಳು ದೂರು ಬಂದರೆ?” ಎಂದು ಕೇಳುವವರಿದ್ದಾರೆ. ಬರಬಹುದು. ನಾನು ತೂಗಿ ನೋಡಿದ್ದು ಇಷ್ಟೆ: ತಪ್ಪಾಗಿ ತೆಗೆದ ಚಿತ್ರವನ್ನು ನಾಳೆ ಮತ್ತೆ ಹಾಕಬಹುದು. ಜನ ನೋಡಿಬಿಟ್ಟದ್ದನ್ನು ನೋಡಲಿಲ್ಲವೆನ್ನಿಸಲು ಯಾವ ಕಾಯಿದೆಗೂ ಆಗದು. ಹಾಗಿರುವಾಗ ಮೊದಲು ತೆಗೆಯಬೇಕು, ವಿಚಾರಣೆ ಆಮೇಲೆ.

ತಂದೆಯ ನಡತೆ ನನಗೆ ಈಗ ಅರ್ಥವಾಗುತ್ತಿದೆ. ಕ್ಯಾಮೆರಾ ಅವರದು, ರೀಲು ಅವರದು, ಅಂಗಡಿಯೂ ಅವರದು. ಆದರೆ ಆ ಮುಖ ಅವರದಾಗಿರಲಿಲ್ಲ. ಬೆಂಚಿನ ಮೇಲೆ ಕುಳಿತ ತಾಯಿ “ಬೇಡ” ಎಂದದ್ದೇ ಅವರಿಗೆ ಸಾಕಾಗಿತ್ತು. ಯಂತ್ರಕ್ಕೆ ನೋಡಲು ಕಲಿಸುತ್ತಿರುವ ನಾವು, ಆ ಒಂದು ಮಾತನ್ನು ಕೇಳಲು ಮೊದಲು ಕಲಿಯಬೇಕಾಗಿದೆ.