ಕಳವೂ ವಂಚನೆಯೂ

ರಾತ್ರಿಯಲ್ಲಿ ಗೋಡೆಗೆ ಕನ್ನವಿಟ್ಟು ಒಡವೆಯನ್ನು ಹೊತ್ತೊಯ್ದವನು ಕಳ್ಳನೆಂಬುದನ್ನು ಆಬಾಲವೃದ್ಧರೂ ಬಲ್ಲರು. ಹಗಲಿನಲ್ಲಿ ನಗುಮೊಗದಿಂದ ಸುಳ್ಳು ನುಡಿದು, ಒಡೆಯನ ಕೈಯಿಂದಲೇ ಹಣವನ್ನು ಕೊಡಿಸಿಕೊಂಡವನು ಯಾರು? ನಷ್ಟವು ಎರಡು ಕಡೆಯಲ್ಲಿಯೂ ಒಂದೇ. ಆದರೂ ಕಳವಾದ ಮನೆಯವರಿಗಾಗಿ ಲೋಕವು ಮರುಗುವುದು, ಮೋಸಹೋದವನನ್ನಾದರೋ "ನಿನ್ನ ಬುದ್ಧಿ ಎಲ್ಲಿ ಹೋಗಿತ್ತು?" ಎಂದು ಕೇಳುವುದು. ಈ ಪ್ರಶ್ನೆಯು ನ್ಯಾಯವಾದುದೇ ಎಂಬುದು ವಿಚಾರಾರ್ಹವು.

1860ನೆಯ ಇಸವಿಯ ದಂಡಸಂಹಿತೆಯೂ, ಅದರ ಸ್ಥಾನದಲ್ಲಿ 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಈ ವಿಷಯದಲ್ಲಿ ಮೂರು ಭೇದಗಳನ್ನು ಮಾಡುತ್ತವೆ. ಪರರ ಸ್ವಾಧೀನದಲ್ಲಿರುವ ಚರವಸ್ತುವನ್ನು ಅವರ ಸಮ್ಮತಿಯಿಲ್ಲದೆ ದುರ್ಬುದ್ಧಿಯಿಂದ ತೆಗೆಯುವುದು ಕಳವು. ಸುಳ್ಳಿನಿಂದ ಆ ಸಮ್ಮತಿಯನ್ನೇ ಹುಟ್ಟಿಸಿ ವಸ್ತುವನ್ನು ಪಡೆಯುವುದು ವಂಚನೆ. ನಂಬಿ ಒಪ್ಪಿಸಿದುದನ್ನು ಆಮೇಲೆ ತನ್ನದಾಗಿ ಮಾಡಿಕೊಳ್ಳುವುದು ನಂಬಿಕೆದ್ರೋಹ. ಸಾಮಾನ್ಯವಾದ ಕಳವಿಗೆ 3 ವರ್ಷಗಳವರೆಗೆ ಸೆರೆಯಾದರೆ, ವಂಚಿಸಿ ಸ್ವತ್ತನ್ನು ಪಡೆದವನಿಗೆ 7 ವರ್ಷಗಳವರೆಗೆ ವಿಧಿಸಬಹುದು. ಆದರೆ ಕೊಟ್ಟ ಮಾತನ್ನು ನಡೆಯಿಸಲಾರದವರೆಲ್ಲರೂ ವಂಚಕರಲ್ಲ. ಮಾತು ಕೊಡುವಾಗಲೇ ಮೋಸದ ಬುದ್ಧಿಯಿದ್ದಿತೆಂಬುದು ಸಿದ್ಧವಾಗಬೇಕು. ವ್ಯಾಪಾರದಲ್ಲಿ ಸೋತು ದಿವಾಳಿಯಾದವನು ಸಾಲಗಾರನೇ ಹೊರತು ಅಷ್ಟರಿಂದಲೇ ಅಪರಾಧಿಯಾಗನು.

ನಮ್ಮ ಪ್ರಾಚೀನರಿಗೂ ಈ ವಿವೇಕವಿದ್ದಿತು. ಮನುಸ್ಮೃತಿಯು ತಸ್ಕರರನ್ನು ಪ್ರಕಾಶರೆಂದೂ ಅಪ್ರಕಾಶರೆಂದೂ ವಿಂಗಡಿಸಿ, ವ್ಯಾಪಾರದಲ್ಲಿ ಮೋಸಮಾಡುವವರನ್ನು ಮೊದಲನೆಯ ಪಂಕ್ತಿಗೆ ಸೇರಿಸಿದೆ. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಕಳ್ಳರೆಂಬ ಹೆಸರಿಲ್ಲದ ಕಳ್ಳರ ಮಾತು ಬರುತ್ತದೆ.

ಈ ವಿಚಾರವು ಬರಿಯ ಪಾಂಡಿತ್ಯವಲ್ಲವೆಂಬುದನ್ನು ಬಸವನಗುಡಿಯ ಜನರು ಬಲ್ಲರು. ಅಲ್ಲಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಿಂದ ಠೇವಣಿದಾರನೊಬ್ಬನು 35,000 ರೂಪಾಯಿಗಿಂತ ಹೆಚ್ಚನ್ನು ಹಿಂದಕ್ಕೆ ಪಡೆಯಲಾಗದಂತೆ ರಿಸರ್ವ್ ಬ್ಯಾಂಕು 2020ನೆಯ ಜನವರಿಯಲ್ಲಿ ನಿರ್ಬಂಧಿಸಿತು. ಉದ್ಯೋಗದಿಂದ ನಿವೃತ್ತರಾದ ಅನೇಕರು ತಮ್ಮ ಮುಪ್ಪಿನ ಆಧಾರವನ್ನು ಅಲ್ಲಿರಿಸಿದ್ದರು. ಯಾರ ಅಪರಾಧವೆಷ್ಟೆಂಬುದನ್ನು ನಿರ್ಣಯಿಸಬೇಕಾದುದು ನ್ಯಾಯಸ್ಥಾನ. ಆದರೆ ಹೀಗೆ ಹಣವು ಸಿಕ್ಕಿಬಿದ್ದ ಮನೆಗಳಲ್ಲೆಲ್ಲ ಹಿರಿಯರಾದವರು "ನಾನೇ ಕೈಯಾರೆ ಕೊಟ್ಟೆನಲ್ಲ" ಎಂದು ಮಕ್ಕಳೆದುರಿಗೆ ತಲೆತಗ್ಗಿಸುವುದುಂಟು. ಎಷ್ಟೋ ಮಂದಿ ನಾಚಿಕೆಯಿಂದ ದೂರನ್ನೇ ಕೊಡುವುದಿಲ್ಲ.

ಹೆಚ್ಚಿನ ಬಡ್ಡಿಯ ಆಸೆಯೂ ತಪ್ಪಲ್ಲವೇ ಎಂದು ಕೇಳಬಹುದು. ಅವಿವೇಕವು ಅವಿವೇಕವೇ, ಮುಂದಕ್ಕೆ ಅದನ್ನು ತಿದ್ದಿಕೊಳ್ಳಬೇಕಾದುದೂ ಸರಿಯೆ. ಆದರೆ ಅಗಳಿಯಿಕ್ಕಲು ಮರೆತ ಮನೆಗೆ ನುಗ್ಗಿದವನ ಪಾಪವು ಆ ಮರೆವಿನಿಂದ ಕಡಿಮೆಯಾಗದು. ಸುಳ್ಳಿನಿಂದ ಹುಟ್ಟಿದ ಸಮ್ಮತಿಯು ಕೊಟ್ಟವನದಲ್ಲ, ಕೊಡಿಸಿಕೊಂಡವನು ಅವನ ಬಾಯಿಂದ ಆಡಿಸಿದುದು. ಕೊಟ್ಟ ಕೈ ತನ್ನದಾದರೂ ಅದನ್ನು ನಡೆಯಿಸಿದ ಬುದ್ಧಿಯು ಪರರದು.

ಒಬ್ಬರನ್ನೊಬ್ಬರು ನಂಬದೆ ಊರಿನಲ್ಲಿ ಅಂಗಡಿಯೂ ನಡೆಯದು, ಪಾಠಶಾಲೆಯೂ ನಡೆಯದು. ಹೀಗೆ ಎಲ್ಲರ ಸ್ವತ್ತಾದ ನಂಬಿಕೆಯನ್ನು ಕದ್ದವನು ನಾಚಬೇಕಾದೆಡೆಯಲ್ಲಿ ನಂಬಿದವನು ನಾಚುವಂತಾದರೆ, ಅದು ನೋಡುತ್ತಿರುವ ನೆರೆಹೊರೆಯವರ ತಪ್ಪು. ಮೋಸಹೋದವನ ಮನೆಗೆ ಹೋದಾಗ ಕೇಳಬೇಕಾದುದು "ಏಕೆ ಕೊಟ್ಟೆ?" ಎಂದಲ್ಲ, "ದೂರು ಬರೆಯೋಣವೇ?" ಎಂದು.